ಮಾಳಿಗೆಗೆ ಸುಣ್ಣ ಬಳಿಯುವ ಹೊಳಿಯವ್ವ

ಬೆಳಗಿನ ಐದೂವರೆ. ರಾಣೆಬೆನ್ನೂರಿನ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮನೆಯ ಮಾಳಿಗೆಯ ಮೇಲೆ ಹೊಳಿಯವ್ವ ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ಪಕ್ಕದಲ್ಲಿ ಎರಡು ಬಕೆಟ್. ಒಂದರಲ್ಲಿ ನೀರು, ಇನ್ನೊಂದರಲ್ಲಿ ಮಜ್ಜಿಗೆಯಷ್ಟು ತೆಳುವಾದ ಸುಣ್ಣ. ಮೊದಲು ನೀರು ಚಿಮುಕಿಸಿ ನೆಲ ತೋಯಿಸುತ್ತಾರೆ, ಆಮೇಲೆ ಅಗಲವಾದ ಬ್ರಷ್ಷನ್ನು ಅದ್ದಿ ಎಳೆಯುತ್ತಾರೆ. ಎಳೆದ ಕೂಡಲೇ ಏನೂ ಕಾಣುವುದಿಲ್ಲ. ಒಣಗುತ್ತ ಬಂದಂತೆ ಬಿಳುಪು ಏಳುತ್ತದೆ. ಮೂಲೆಯಿಂದ ಹಿಂದೆ ಹಿಂದೆ ಸರಿಯುತ್ತ ಮೆಟ್ಟಿಲಿನ ಕಡೆ ಬರುತ್ತಾರೆ.

“ಬಿಸಲು ಏರಿತಂದ್ರ ಸುಣ್ಣ ಹಿಡಿಯೂದಿಲ್ಲರಿ, ಪುಡಿಪುಡಿ ಆಗಿ ಏಳ್ತೈತಿ. ಎಂಟು ಗಂಟೆ ಆತಂದ್ರ ಈ ಬೆಳ್ಳನ ಮಾಳಿಗಿ ಮ್ಯಾಲೆ ಕಣ್ಣು ಬಿಡಾಕೂ ಆಗೂದಿಲ್ಲ,” ಎನ್ನುತ್ತಾರೆ. ಕೈಗೆ ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದಾರೆ. ಆದರೂ ಬೆರಳ ಸಂದುಗಳು ಬಿರಿದಿವೆ.

ಐವತ್ತೆರಡರ ಹೊಳಿಯವ್ವ ತುಂಗಭದ್ರೆಯ ದಂಡೆಯ ಐರಣಿಯವರು. ಗೌಂಡಿ ಕೆಲಸದ ಅಂಜಿನಪ್ಪನವರನ್ನು ಮದುವೆಯಾಗಿ ಊರು ಬಿಟ್ಟರು. ಗಂಡ ಗೋಡೆ ಕಟ್ಟಿದರೆ ಹೆಂಡತಿ ಸುಣ್ಣ ಬಳಿಯುತ್ತಿದ್ದರು. ಜನ ಡಿಸ್ಟೆಂಪರ್‌ಗೆ ತಿರುಗಿದ ಮೇಲೆ ಸುಣ್ಣ ಕೇಳುವವರಿಲ್ಲವಾಯಿತು. ಬೀಜದ ಕಂಪನಿಯವರ ಹೊಲಗಳಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರುವ ಕ್ರಾಸಿಂಗ್ ಕೆಲಸಕ್ಕೆ ಹೋದರು. ಅಷ್ಟರಲ್ಲಿ ಅಂಜಿನಪ್ಪ ಸಾರವೆ ಮೇಲಿಂದ ಬಿದ್ದು ತೊಡೆ ಮುರಿದುಕೊಂಡರು.

ತಗಡಿನ ಮನೆ, ಏಪ್ರಿಲ್ ತಿಂಗಳು, ಎದ್ದು ಹೊರಗೆ ಹೋಗಲಾಗದ ಮನುಷ್ಯ. ಒಂದು ದಿನ ಹೊಳಿಯವ್ವ ಮನೆಯಲ್ಲಿ ಉಳಿದಿದ್ದ ಹಳೆಯ ಸುಣ್ಣವನ್ನು ಚೆಲ್ಲಲು ಮನಸ್ಸಾಗದೆ ತಗಡಿನ ಮೇಲೆ ಬಳಿದರು. ಮರುದಿನ ಮಧ್ಯಾಹ್ನ ಅಂಜಿನಪ್ಪ ಕೇಳಿದರಂತೆ, “ಇವತ್ತ ಮಾಡ ಹಾಕೇತೇನು?” ಹೊರಗೆ ನೋಡಿದರೆ ಒಂದು ಮೋಡವಿಲ್ಲ, ಉರಿಬಿಸಿಲು.

“ಏನಾತು ಅಂತ ಇಬ್ಬರಿಗೂ ತಿಳೀಲಿಲ್ಲರಿ. ಸುಣ್ಣ ಬಿಸಲು ಕುಡಿತೈತಿ ಅಂದ್ರು ಅವರು. ನಾನೂ ಹಂಗ ಅಂದ್ಕೊಂಡೆ,” ಎಂದು ನಗುತ್ತಾರೆ.

ನೆರೆಯವರೂ ಕರೆದು ಬಳಿಸಿಕೊಂಡರು, ಮಾತು ಹಬ್ಬಿತು. ಈಗ ಫೆಬ್ರುವರಿಯಿಂದ ಮೇವರೆಗೆ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಸೇರಿ ಎಪ್ಪತ್ತು ಮಾಳಿಗೆಗಳಾದರೂ ಆಗುತ್ತವೆ. ದಿನಕ್ಕೊಂದು, ಮೂರು ಕೈ ಸುಣ್ಣ. ಅಂಜಿನಪ್ಪ ಕೋಲೂರಿಕೊಂಡು ಮನೆಯಲ್ಲೇ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಸೋಸಿ, ಅಂಟು ಬೆರೆಸಿ ಕೊಡುತ್ತಾರೆ. ಮಳೆಗಾಲ ಅರ್ಧ ತೊಳೆದುಹಾಕುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಕರೆ. ಇಂದಿನ ಮನೆಯ ಯಜಮಾನ ಪ್ರೇಮಕುಮಾರ ಬೀಜದ ಅಂಗಡಿಯಲ್ಲಿ ಗುಮಾಸ್ತ. “ಮೊದಲ ಬೆಳತನಕ ಎ.ಸಿ. ಓಡ್ತಿತ್ತು. ಈಗ ಮಲಗೂ ಮುಂದ ಒಂದು ತಾಸು ಹಾಕಿ ಬಂದ್ ಮಾಡ್ತೇವಿ, ಫ್ಯಾನ್ ಸಾಕಾಗ್ತೈತಿ. ಕರೆಂಟ್ ಬಿಲ್ ಅರ್ಧಕ್ಕ ಇಳದೈತಿ,” ಎನ್ನುತ್ತಾರೆ.

ಇಷ್ಟೇ ಆಗಿದ್ದರೆ ಹೊಳಿಯವ್ವನದು ಸರಳ ಕಥೆ. ಆದರೆ ಹೋದ ವರ್ಷ ಬ್ಯಾಡಗಿಯ ಒಂದು ಮನೆ ಅವರ ತಲೆ ಕೆಡಿಸಿತು.

ಅದು ಮುಮ್ತಾಜಬಿಯವರ ಮನೆ. ಮಹಡಿಯ ಒಂದೇ ಕೋಣೆಯಲ್ಲಿ ಬಾಣಂತನಕ್ಕೆ ಬಂದ ಮಗಳು ಆಯಿಶಾ, ಹನ್ನೊಂದು ದಿನದ ಕೂಸು. ಕೂಸಿನ ಮೈತುಂಬ ಬೆವರುಸಾಲೆ, ಹಾಲು ಸರಿಯಾಗಿ ಕುಡಿಯುತ್ತಿಲ್ಲ. ಕೋಣೆ ತಂಪಿರಲಿ ಎಂದು ಡಾಕ್ಟರು ಹೇಳಿದ್ದರಿಂದ ಕೂಲರ್ ತಂದು ಹಗಲು ರಾತ್ರಿ ಓಡಿಸುತ್ತಿದ್ದರು. ಹೊಳಿಯವ್ವ ಹೋಗಿ ಮೂರು ಕೈ ಸುಣ್ಣ ಬಳಿದು ಬಂದರು. ಮೂರನೆಯ ದಿನ ಮುಮ್ತಾಜಬಿಯವರ ಫೋನು.

“ಹೊಳಿಯಕ್ಕಾ, ಏನ್ ಬಳದು ಹೋದಿ? ಒಳಗ ಮೊದಲಿನಂಗ ಕುದಿಯಾಕತ್ತೈತಿ. ಕೂಸು ಕಣ್ಣ ಮುಚ್ಚವಲ್ದು.”

“ಅದ ಸುಣ್ಣ, ಅದ ಕೈ. ಬಾಜೂ ಮನಿಗೆ ಬಳದಿದ್ದೆ, ಅವರ ಮನಿ ತಂಪಾಗಿತ್ತು. ಇವರದ್ಯಾಕ ಆಗಲಿಲ್ಲ? ಬಸ್ಸಿನ್ಯಾಗ ಬ್ಯಾಡಗಿ ಬರೂಮಟ ಅದ ವಿಚಾರ,” ಎಂದು ನೆನೆಯುತ್ತಾರೆ ಹೊಳಿಯವ್ವ.

ಹೋದವರು ನೇರ ಮಾಳಿಗೆ ಹತ್ತಿ ನೋಡಿದರು. ಸುಣ್ಣ ಗಟ್ಟಿಯಾಗಿ ಕೂತಿತ್ತು. ಕೆಳಗಿಳಿದು ಸ್ಟೂಲಿನ ಮೇಲೆ ನಿಂತು ಚಾವಣಿಗೆ ಅಂಗೈ ಇಟ್ಟರು. ತಣ್ಣಗಿತ್ತು. ಆದರೆ ಅಲ್ಲೇ ನಿಂತ ಅವರ ರವಿಕೆ ಬೆನ್ನಿಗೆ ಅಂಟಿತ್ತು. ಚಾವಣಿ ತಂಪು, ಮೈ ಮಾತ್ರ ಬೆವರು. ಏನೊಂದೂ ತಿಳಿಯದೆ ನೆಲದ ಮೇಲೆ ಕುಳಿತುಬಿಟ್ಟರು. ಮಧ್ಯಾಹ್ನವಾಯಿತು, ಎದ್ದು ಹೋಗಲು ಮನಸ್ಸಾಗಲಿಲ್ಲ. ಕೋಣೆಯೊಳಗೆ ಹಗ್ಗದ ಮೇಲೆ ಕೂಸಿನ ಬಟ್ಟೆ ಹರವಿದ್ದರು. ಸುಮ್ಮನೆ ಒಂದನ್ನು ಮುಟ್ಟಿದರು. ಹಸಿಹಸಿ.

“ಇವನ್ನ ಯಾವಾಗ ತೊಳದೀರಿ?”

“ನಿನ್ನೆ,” ಎಂದಳು ಆಯಿಶಾ.

ಹೊರಗೆ ಮೆಣಸಿನಕಾಯಿ ಗರಿಗರಿಯಾಗುವ ಬ್ಯಾಡಗಿಯ ಬಿಸಿಲು, ಒಳಗೆ ಒಂದು ಅರಿವೆ ದಿನ ಕಳೆದರೂ ಒಣಗಿಲ್ಲ. ಆಗ ಹೊಳಿಯವ್ವ ಕಿಟಕಿ ನೋಡಿದರು. ಗಟ್ಟಿಯಾಗಿ ಮುಚ್ಚಿತ್ತು. ಸಂದಿಗೆ ಬಟ್ಟೆಯನ್ನೂ ತುರುಕಿದ್ದರು. ಹಿಂದುಗಡೆಯೇ ಮೆಣಸಿನಕಾಯಿ ಗೋದಾಮು. ಘಾಟು ಒಳಗೆ ಬಾರದಿರಲೆಂದು ಕೂಸು ಹುಟ್ಟಿದಾಗಿನಿಂದ ತೆರೆದಿಲ್ಲ. ಕೂಲರ್ ಮೂಲೆಯಲ್ಲಿ ನಿಂತು ಅದೇ ಗಾಳಿಗೆ ನೀರು ಬೆರೆಸಿ ತಿರುಗಿ ತಿರುಗಿ ಊದುತ್ತಿತ್ತು.

ಕಿಟಕಿ ತೆರೆಯಬೇಕು, ಘಾಟು ಬರಬಾರದು. ಹೊಳಿಯವ್ವ ಕೆಳಗೆ ಬಿದ್ದಿದ್ದ ಗೋಣಿಚೀಲ ತಂದು, ನೀರಿನಲ್ಲಿ ಅದ್ದಿ ಕಿಟಕಿಗೆ ಕಟ್ಟಿದರು. ಅದು ಮೆಣಸಿನಕಾಯಿ ತುಂಬಿದ್ದ ಚೀಲ ಎಂಬುದು ಎಲ್ಲರೂ ಸೀನತೊಡಗಿದಾಗಲೇ ತಿಳಿದದ್ದು. ಕೂಸಿನ ಕಣ್ಣಲ್ಲಿ ನೀರು. ಮುಮ್ತಾಜಬಿ ಮೊಮ್ಮಗುವನ್ನು ಎದೆಗವಚಿಕೊಂಡು ಕೆಳಗೆ ಓಡಿದರು. “ನಿನ್ನ ಶಾಣ್ಯಾತನ ಸಾಕವ್ವಾ, ಮೊದಲ ಎದ್ದು ಹೋಗು,” ಎಂದು ಅಲ್ಲಿಂದಲೇ ಕೂಗಿದರು.

ಹೊಳಿಯವ್ವ ಚೀಲ ಬಿಚ್ಚಿಕೊಂಡು ಮೆಟ್ಟಿಲಿನ ಮೇಲೆ ಬಂದು ಕುಳಿತರು. “ಬಳಿಯಾಕಿ ಬಳದು ಸುಮ್ನ ಇರಬೇಕಾಗಿತ್ತು. ನನಗ್ಯಾಕ ಬೇಕಾಗಿತ್ತು ಅನಿಸ್ತು.”

ಕರೆದವಳು ಆಯಿಶಾ. ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತ, “ಅವ್ವಾರ, ತೊಯ್ದ ಚೀಲ ಕಟ್ಟಿದ್ದು ಘಾಟು ತಡೀಲಿ ಅಂತ ಹೌದಲ್ರಿ? ಕೂಲರಿನ ಒಳಗಿನ ಹುಲ್ಲೂ ತೊಯ್ದದ್ದ ಐತಿ, ಅದಕ್ಕ ಖಾರ ಇಲ್ಲ. ಅದನ್ನ ಕಿಟಕಿಗೆ ಹಚ್ಚಿ ಇಟ್ರ?” ಎಂದಳು.

ಇಬ್ಬರೂ ಕೂಲರನ್ನು ಎಳೆದು, ಪೆಟ್ಟಿಗೆಯ ಮೇಲೇರಿಸಿ, ಬೆನ್ನು ಕಿಟಕಿಗೆ ಬರುವಂತೆ ಇಟ್ಟರು. ಸುತ್ತಲಿನ ಸಂದಿಗೆ ಹಳೆಯ ಚಾದರ ಸಿಕ್ಕಿಸಿದರು. ಎದುರಿನ ಬಾಗಿಲು ತೆರೆದರು. ಹೊರಗಿನ ಗಾಳಿ ಹುಲ್ಲಿನೊಳಗೆ ಹಾಯ್ದು ಬರತೊಡಗಿತು. ಒಳಗಿನ ಬೇಗೆ ಬಾಗಿಲಿನಿಂದ ಹೊರಗೆ. ಘಾಟು ಪೂರ್ತಿ ನಿಲ್ಲಲಿಲ್ಲ, ಆದರೆ ಸೀನು ನಿಂತಿತು. ಅರ್ಧ ತಾಸು ಕಾದು ಮುಮ್ತಾಜಬಿ ಕೂಸನ್ನು ಮೇಲೆ ತಂದರು. ಹೊಳಿಯವ್ವನ ಮುಂದೆ ಒಂದು ಕಪ್ ಚಹಾ ಇಟ್ಟರು.

ಮರುದಿನ ಮತ್ತೆ ಫೋನು. “ಹೊಳಿಯಕ್ಕಾ, ಅರಿವಿ ಒಣಗ್ಯಾವ. ಕೂಸು ಹಾಲು ಕುಡದು ಮಕ್ಕೊಂಡೈತಿ. ಅದರ ಅವ್ವನೂ ಮಕ್ಕೊಂಡಾಳ. ಸಂಜೀಕ ಕೂಲರ್ ಬಂದ್ ಮಾಡಿದ್ರೂ ನಡೀತು.”

ಅಂದಿನಿಂದ ಹೊಳಿಯವ್ವ ಯಾರ ಮನೆಗೆ ಹೋದರೂ ಮೊದಲು ಮಾಳಿಗೆ ಹತ್ತುವುದಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಒಳಗೆ ಒಂದು ತಾಸು ಕೂಡುತ್ತಾರೆ. ಗೋಡೆ ಮುಟ್ಟುತ್ತಾರೆ, ಕಿಟಕಿ ತೆರೆದು ಮುಚ್ಚುತ್ತಾರೆ, ಒಲೆ ಎಲ್ಲಿದೆ ಕೇಳುತ್ತಾರೆ. ಸುಣ್ಣ ಬಳಿಯಲು ಬಂದವರು ಹೀಗೇಕೆ ಕೂತಿದ್ದಾರೆಂದು ಮನೆಯವರಿಗೆ ಗೊಂದಲ. ಮೊನ್ನೆ ಮೋಟೆಬೆನ್ನೂರಿನ ಒಂದು ಮನೆಯಲ್ಲಿ, ಬೇವಿನ ಮರದ ನೆರಳು ಇಡೀ ಮಾಳಿಗೆಗಿದೆ, ಸುಣ್ಣ ಬೇಡ, ಹಿತ್ತಲ ಕಿಟಕಿಗೆ ಒತ್ತಿ ನಿಲ್ಲಿಸಿದ ಕಪಾಟು ಸರಿಸಿರಿ ಎಂದು ಹೇಳಿ ಬಂದರಂತೆ. ಅದನ್ನು ಕೆಲಸ ಅನ್ನಬೇಕೋ ಬೇಡವೋ, ಅವರಿಗೇ ಗೊತ್ತಿಲ್ಲ.

ಬ್ಯಾಡಗಿಯ ಕೋಣೆಯನ್ನು ತಂಪು ಮಾಡಿದ್ದು ಸುಣ್ಣವೋ, ಕಿಟಕಿಯೋ, ಬಾಗಿಲೋ ಎಂದು ನಾನು ಕೇಳಿದೆ. ಬ್ರಷ್ ತೊಳೆಯುತ್ತಿದ್ದವರು ತಲೆ ಎತ್ತಿದರು.

“ಅದ ನನಗೂ ತಿಳಿದಿಲ್ಲ ನೋಡ್ರಿ. ತಿಳಿದವರು ಯಾರಾರ ಬಂದು, ನನ್ನ ಜೋಡಿ ನಾಕು ಮನಿ ತಿರುಗಿ, ಯಾವುದು ಯಾಕ ಅಂತ ಬಿಡಿಸಿ ಹೇಳಬೇಕು ಅನ್ನೂದೊಂದ ಆಸೆ. ಈಗೂ ಕಲಿತೇನಿ,” ಎಂದರು. ಬ್ರಷ್ ಕೊಡವಿ ಗೋಡೆಗೆ ಒರಗಿಸಿಟ್ಟು ಸೇರಿಸಿದರು:

“ಆ ಕೂಸು ಈಗ ಅಡ್ಡಾಡತೈತಿ. ಹೋದ ವಾರ ಹೋಗಿದ್ದೆ. ನನ್ನ ಮಾರಿ ಮ್ಯಾಲಿನ ಸುಣ್ಣ ನೋಡಿ ಏನ್ ಚೀರಿತರಿ! ಓಣಿ ಮಂದಿ ಎಲ್ಲಾ ಹೊರಗ ಬಂದ್ರು. ನಾ ಅಲ್ಲೇ ನಿಂತು ಕೇಳಿದೆ. ಅಷ್ಟು ಗಟ್ಟಿ ದನಿ ಐತಿ ಅದರದು.”