ಬಾಣಂತಿಯ ಕೋಳಿ

ಹಳ್ಳದ ಈಚೆ ದಡ ಬುಖೆನೆಕ್ ದೊರೆಯದು, ಆಚೆ ದಡ ಅಹಾರ್ನ್‌ಬರ್ಗ್ ದೊರೆಯದು. ಎರಡೂ ಕೋಟೆಗಳ ನಾಯಿ ಬೊಗಳಿದರೆ ಯುತ್ತಳ ಅಂಗಳಕ್ಕೆ ಕೇಳಿಸುತ್ತಿತ್ತು. ಅಷ್ಟು ಪುಟ್ಟ ಸೀಮೆಗಳು. ಇದ್ದಲು ಸುಡುತ್ತಿದ್ದ ಗಂಡನನ್ನು ಮಣ್ಣು ಮಾಡಿದ ಮೇಲೆ ಯುತ್ತ ಎರಡೂ ದಡದ ಹೆರಿಗೆಗಳಿಗೆ ಹೋಗುತ್ತಿದ್ದಳು. "ಕೂಸಿನ ತಲೆ ಕಾಣೋ ಹೊತ್ತಿಗೆ ನೀನು ಯಾವ ದೊರೆಯವಳೇ ಅಂತ ಕೇಳ್ತಾ ಕೂರೋಕಾಗತ್ತಾ?" ಅನ್ನುತ್ತಿದ್ದಳು.

ಆ ಚಳಿಗಾಲ ಅವಳ ಸೊಸೆ ಇರ್ಮೆಲ್ ಗಂಡುಮಗು ಹೆತ್ತು, ರಕ್ತ ಬಹಳ ಹೋಗಿ, ಸುಣ್ಣದಂತೆ ಬಿಳಿಚಿಕೊಂಡು ಮಲಗಿದ್ದಳು. ಮನೆಯಲ್ಲಿ ಉಳಿದದ್ದು ಒಂದೇ ಕೋಳಿ. ಅದರ ಸಾರು ಹೊಟ್ಟೆಗೆ ಬಿದ್ದರೇ ಸೊಸೆ ಎದ್ದಾಳು ಎಂದು ಯುತ್ತಳಿಗೆ ಗೊತ್ತಿತ್ತು. ಅಷ್ಟರಲ್ಲಿ ಬುಖೆನೆಕ್ ದೊರೆಯ ಕಾರಭಾರಿ ಎಕ್‌ಬರ್ಟ್ ಹೊಗೆಕೋಳಿ ಕೇಳಲು ಬಂದ. ಒಲೆ ಉರಿಯುವ ಮನೆಯವರೆಲ್ಲ ದೊರೆಗೆ ವರ್ಷಕ್ಕೊಂದು ಕೋಳಿ ಕೊಡಬೇಕು. ಮನೆಯಲ್ಲಿ ಬಾಣಂತಿ ಇದ್ದರೆ ಮಾತ್ರ ಕೋಳಿಯ ತಲೆ ದೊರೆಗೆ, ಒಡಲು ಅವಳಿಗೆ.

"ಯುತ್ತಕ್ಕಾ, ಪೂರ್ತಿ ಕೋಳೀನೇ ಕೊಡಬೇಕು," ಅಂದ ಎಕ್‌ಬರ್ಟ್. "ನಿನ್ನ ಸೊಸೆ ಆಚೆ ದಡದವಳು. ಅವಳ ಬದಲಿಗೆ ನಮ್ಮ ದೊರೆ ಆಚೆ ದೊರೆಗೆ ಇನ್ನೂ ಒಂದು ಹೆಣ್ಣಾಳು ಕೊಟ್ಟು ಲೆಕ್ಕ ತೀರಿಸಿಲ್ಲ. ಅವಳಿಗ್ಯಾಕೆ ನಮ್ಮ ಕಟ್ಟಳೆ?"

"ಹೌದೇನೋ? ಹಂಗಾದ್ರೆ ಅವಳು ಅಹಾರ್ನ್‌ಬರ್ಗ್‌ನವಳೇ?"

"ಮತ್ತೆ?"

"ತಾಯಿ ಯಾವ ದೊರೆಯವಳೋ ಮಗುವೂ ಆ ದೊರೆಯದೇ ಅಲ್ವೇನೋ? ಹೋಗು, ಒಂದು ಕೋಳಿಗೋಸ್ಕರ ಒಂದು ಗಂಡಾಳನ್ನ ಪಕ್ಕದ ದೊರೆಗೆ ಬಿಟ್ಟುಕೊಟ್ಟು ಬಂದೆ ಅಂತ ನಿನ್ನ ಧಣಿಗೆ ಹೇಳು. ನೀನು ಹೇಳದಿದ್ರೆ ನಾನೇ ಹೋಗಿ ಹೇಳ್ತೀನಿ."

ಎಕ್‌ಬರ್ಟ್ ಟೋಪಿ ಸರಿಮಾಡಿಕೊಂಡ. "ನಿನ್ನ ನಾಲಿಗೆಗೆ ಮೊದಲು ತೆರಿಗೆ ಹಾಕಬೇಕಿತ್ತು."

"ನಿಮ್ಮವ್ವ ನಿನ್ನ ಹೆತ್ತು ಮಲಗಿದ್ದಾಗ ಸಾರು ಕಾಸಿ ಕುಡಿಸಿದ ಕೈ ಇದು. ಅದಕ್ಕೂ ಹಾಕು."

ಯುತ್ತ ಅವನ ಉತ್ತರಕ್ಕೆ ಕಾಯಲಿಲ್ಲ. ಕೋಳಿ ಹಿಡಿದು ಕತ್ತು ಮುರಿದು, ತಲೆ ಕತ್ತರಿಸಿ, ಅವನ ಅಂಗೈಗಿಟ್ಟಳು. ಅದರ ಜುಟ್ಟು ಹಿಡಿದುಕೊಂಡು ಅವನು ಕೋಟೆಯ ದಾರಿ ಹತ್ತಿದ.

ಹಿಮ ಕರಗಿದ ಮೇಲೆ ಹಿರಿಯರು ಲಿಂಡೆನ್ ಮರದಡಿ ಸೇರಿ, ವಾಡಿಕೆಯಂತೆ ಊರ ಕಟ್ಟಳೆಯನ್ನು ಬಾಯಲ್ಲೇ ಒಪ್ಪಿಸಿದರು. ಕೋಳಿಯ ಮಾತು ಬಂದಾಗ, "ಬಾಣಂತಿ ಯಾವ ದಡದವಳಾದರೂ ಸರಿ," ಎಂದು ಹೊಸದಾಗಿ ಸೇರಿಸಿದರು. ಎಕ್‌ಬರ್ಟ್ ಕೆಮ್ಮಿದ, ಅಡ್ಡಿ ಮಾಡಲಿಲ್ಲ. ಹೆಂಗಸರ ಸಾಲಿನಲ್ಲಿ ಇರ್ಮೆಲ್ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು, ಕೆನ್ನೆ ಕೆಂಪಗೆ.

"ಇನ್ನೊಂದು ಸಲ ಹೇಳ್ರಪ್ಪಾ," ಎಂದು ಯುತ್ತ ಹಿಂದಿನಿಂದ ಕೂಗಿದಳು. "ಆಚೆ ದಡಕ್ಕೂ ಕೇಳಿಸ್ಲಿ!"