ಕಪ್ಪು ಪರದೆಯ ಮುಂದೆ ಮೇಯುನ್

ಕೀಲುಂಗ್ ಬಂದರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಶಿ ಮೇಯುನ್ ಒದ್ದೆ ಛತ್ರಿಯನ್ನು ಬಾಗಿಲಿಗೆ ಸಿಕ್ಕಿಸಿ, ಸೋಯಾ ಹಾಲಿನ ಲೋಟವನ್ನು ಕಂಪ್ಯೂಟರಿನಿಂದ ದೂರ ಇಡುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಮೂಲೆಯ ಸ್ಟೂಲಿನಲ್ಲಿ ಕೂತಿದ್ದೇನೆ. ಯಂತ್ರ ಕೆಡದಿರಲೆಂದು ಇಲ್ಲಿನವರು ನಂಬಿ ಕಂಪ್ಯೂಟರಿನ ನೆತ್ತಿಯ ಮೇಲೆ ಇಡುವ ತಿಂಡಿ ಪೊಟ್ಟಣ ಕಂಡು ಅವರ ಹುಬ್ಬು ಗಂಟಾಗುತ್ತದೆ. ಅದು ಹಳದಿ.

"ಹಸಿರು ಪೊಟ್ಟಣ ಇಡ್ಬೇಕು ಅಂತ ಎಷ್ಟು ಸಲ ಹೇಳೋದು? ಹಸಿರಿದ್ರೆ ಯಂತ್ರ ಹೇಳಿದ ಮಾತು ಕೇಳುತ್ತೆ. ಹಳದಿ ನೋಡಿ ಅದೇನಂದ್ಕೋಬೇಕು?"

"ಅಂಗಡೀಲಿ ಹಸಿರು ಮುಗಿದಿತ್ತು, ಮೇಯುನ್ ಅಕ್ಕಾ. ಅದಕ್ಕೇನಾ ಶುಕ್ರವಾರ ಕೈಕೊಟ್ಟಿದ್ದು?" ಎನ್ನುತ್ತಾರೆ ಬಾಗಿಲಲ್ಲಿ ನಿಂತ ಕೋ ತಿಂಗ್. ಮೇಲಿನ ಮಹಡಿಯ ನಡಿಗೆ ಚಿಕಿತ್ಸೆ ಅವರ ಹೊಣೆ.

ಮೇಯುನ್ ನಗುವುದಿಲ್ಲ. ಪಾರ್ಶ್ವವಾಯು ಬಡಿದವರು ಆ ಮಹಡಿಯಲ್ಲಿ ಚಲಿಸುವ ಪಟ್ಟಿಯ ಮೇಲೆ ನಡೆಯುತ್ತಾರೆ. ಎದುರಿನ ದೊಡ್ಡ ಪರದೆಯಲ್ಲಿ ಹಳೆಯ ಮೀನುಪೇಟೆಯ ಬೀದಿ ಅವರ ಹೆಜ್ಜೆಗೆ ಸರಿಯಾಗಿ ಸರಿಯುತ್ತದೆ. ಶುಕ್ರವಾರ ಆ ಬೀದಿ ತಡೆತಡೆದು ಜಿಗಿಯಿತು. ಬದುಕಿಡೀ ಮೀನಿನ ಬುಟ್ಟಿ ಹೊತ್ತು, ಈಗ ಎಡಗಾಲು ಎಳೆದು ನಡೆಯುವ ವೆಂಗ್ ತಲೆಸುತ್ತಿ ಕಂಬಿ ಹಿಡಿದುಕೊಂಡರು. ಇನ್ನೊಮ್ಮೆ ಹೀಗಾದರೆ ಈ ಹಳೆಯ ತಂತ್ರಾಂಶವನ್ನೇ ತೆಗೆಯುವುದಾಗಿ ವಿಭಾಗದ ಮುಖ್ಯಸ್ಥರು ಹೇಳಿದ್ದಾರೆ. ಹೊಸದರಲ್ಲಿ ಇರುವುದು ಬರೀ ಕಾಡು. "ಕಾಡಲ್ಲಿ ನನಗೇನು ಕೆಲಸ?" ಎಂದು ವೆಂಗ್ ಅದರಲ್ಲಿ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ.

ಬೀದಿಯನ್ನು ಮಾಡಿಕೊಟ್ಟ ಕಂಪನಿ ಮುಚ್ಚಿ ಬಹಳ ಕಾಲವಾಯಿತು. ಅದಕ್ಕೆ ಬೇಕಾದ ಹಳೆಯ ಕಂಪ್ಯೂಟರೂ ಕೆಟ್ಟಿತು. ಆದ್ದರಿಂದ ಮೇಯುನ್ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮಷೀನನ್ನು, ಸಾಕಿಕೊಂಡಿದ್ದಾರೆ. ಬೀದಿ ಅದರೊಳಗೆ ಓಡುತ್ತದೆ. ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡು ಇರುವುದು ಒಂದೇ. ಲಿನಕ್ಸ್ ಅದನ್ನು ಪೂರ್ತಿ ಬಿಟ್ಟುಕೊಟ್ಟರೆ ಮಾತ್ರ ಒಳಗಿನದಕ್ಕೆ ಅದರ ಬಲ ಸಿಗುತ್ತದೆ.

ವಿಡಿಯೊ ಆಟದ ಅಂಗಡಿಯೊಂದು ಮುಚ್ಚುವವರೆಗೂ ಅದರ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದವರು ಮೇಯುನ್. ಮನೆಯಲ್ಲಿ ಒಬ್ಬರೇ, ಇಲ್ಲಿಯೂ ಒಬ್ಬರೇ. "ಎಲ್ಲ ಸರಿ ಇದ್ರೆ ಯಾರೂ ಕೆಳಗಿಳಿದು ಬರಲ್ಲ," ಎನ್ನುತ್ತಾ ಕೀಲಿಮಣೆಗೆ ಬಾಗುತ್ತಾರೆ.

ತಪ್ಪು ಸಿಗುತ್ತದೆ. ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಲಿನಕ್ಸಿನ ಧ್ವನಿ ಸೇವೆ ತಾನಾಗಿಯೇ ಎದ್ದು, ಕಾರ್ಡಿನ ಧ್ವನಿಯ ಭಾಗವನ್ನು ಹಿಡಿದುಕೊಂಡಿದೆ. ಕಾರ್ಡಿನ ಬಲ ಸಿಗದೆ ಶುಕ್ರವಾರ ಬೀದಿ ಜಿಗಿದದ್ದು ಅದಕ್ಕೇ. "ಚಿತ್ರ, ಧ್ವನಿ ಎರಡೂ ಒಂದೇ ಗುಂಪು. ಒಂದನ್ನ ಇಟ್ಕೊಂಡು ಇನ್ನೊಂದನ್ನ ಕಳಿಸೋಕಾಗಲ್ಲ. ನಾನೇ ನೋಡ್ಕೋಬೇಕಿತ್ತು." ಧ್ವನಿ ಸೇವೆಯನ್ನೂ ನಿಲ್ಲಿಸುವ ಆಜ್ಞೆ ಸೇರಿಸಿ, ಒಳಗಿನ ಯಂತ್ರವನ್ನು ಎಬ್ಬಿಸುತ್ತಾರೆ.

ಪರದೆ ಫಕ್ಕನೆ ಆರಿಹೋಗುತ್ತದೆ. ನಾನು ಸ್ಟೂಲಿನಿಂದ ಅರ್ಧ ಏಳುತ್ತೇನೆ. ಮೇಯುನ್ ಮಾತ್ರ ಬೆನ್ನನ್ನು ಕುರ್ಚಿಗೆ ಆನಿಸುತ್ತಾರೆ. "ಕಾರ್ಡು ಒಳಗಿನ ಯಂತ್ರಕ್ಕೆ ಹೋಯ್ತು. ಚಿತ್ರ ಬರೋದು ಮೇಲಿನ ಪರದೇಲಿ ಮಾತ್ರ. ಇನ್ನು ನನಗೇನೂ ಕಾಣಲ್ಲ."

ಕೋ ತಿಂಗ್ ಮೆಟ್ಟಿಲು ಹತ್ತಿ ಹೋದ ಮೇಲೆ, ಮೇಜಿನ ಫೋನಿನಲ್ಲಿ ಮೇಲಿನ ಕೋಣೆಯ ಮಾತು ಕೇಳಿಬರುತ್ತದೆ.

"ವೆಂಗ್ ದೊಡ್ಡಪ್ಪ, ಇವತ್ತು ಜಿಗಿಯಲ್ಲ, ಬನ್ನಿ," ಕೋ ತಿಂಗ್ ಕರೆಯುತ್ತಾರೆ.

"ಹೋದ ಸಲಾನೂ ಹಿಂಗೇ ಅಂದಿದ್ದೆ, ಸುಳ್ಳಿ!"

ಸೋಯಾ ಹಾಲು ಆರಿ ಕೆನೆಗಟ್ಟಿದೆ. ಕೊನೆಗೆ ತಲೆಯ ಮೇಲೆ ಪಟ್ಟಿ ಗುರ್ರೆನ್ನುತ್ತದೆ.

"ಸ್ವಲ್ಪ ಜೋರಾಗಿ ಓಡಿಸಮ್ಮಾ! ನಾನು ಹೋಗೋಷ್ಟರಲ್ಲಿ ಒಳ್ಳೆ ಮೀನೆಲ್ಲ ಖಾಲಿ!"

ಪಟ್ಟಿಯ ಮೇಲೆ ಯಾರಾದರೂ ಇರುವಷ್ಟು ಹೊತ್ತು ಮೇಯುನ್ ಜಾಗ ಬಿಟ್ಟು ಏಳುವಂತಿಲ್ಲ. ಚಿತ್ರ ನಿಂತಿತೆಂದು ಫೋನಿನಲ್ಲಿ ಕೇಳಿಸಿದರೆ ಪಟ್ಟಿಯನ್ನೂ ನಿಲ್ಲಿಸುವ ಗುಂಡಿ ಅವರ ಪಕ್ಕದಲ್ಲಿದೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಒಂದು ಸಲ, ಅವರು ನಡೀವಾಗ ಆ ಬೀದಿ ನೋಡ್ಬೇಕು," ಎಂದವರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸುತ್ತಾರೆ. ಛಾವಣಿಯಲ್ಲಿ ಒಂದು ಗಟ್ಟಿ ಹೆಜ್ಜೆ. ಹಿಂದೆಯೇ ಇನ್ನೊಂದು, ಮೆಲ್ಲಗೆ.

"ಕೇಳಿಸ್ತಾ? ಎಡಗಾಲು ಎಳೀತಿಲ್ಲ. ಎತ್ತಿ ಇಡ್ತಿದ್ದಾರೆ."