ಒಂಬತ್ತು ಎಂಬ ಅಕ್ಷರ

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕಂಪ್ಯೂಟರುಗಳನ್ನು ಬದಲಾಯಿಸಿದ ದಿನದಿಂದ ಟೈಪಿಸ್ಟಮ್ಮನ ಪಿತ್ತ ನೆತ್ತಿಯಿಂದ ಇಳಿದಿರಲಿಲ್ಲ. ಇಳಿಯುವುದಾದರೂ ಹೇಗೆ? ಇಪ್ಪತ್ತಾರು ವರ್ಷ ಅದೇ ಕಿಟಕಿ, ಅದೇ ಕುರ್ಚಿ. ಮೊದಲ ಏಳು ವರ್ಷ ಟೈಪ್‌ರೈಟರ್, ಆಮೇಲೆ ಹತ್ತೊಂಬತ್ತು ವರ್ಷ ಒಂದೇ ಸಾಫ್ಟ್‌ವೇರ್. ಅದರಲ್ಲಿ ಯಾವ ಬಟನ್ ಎಲ್ಲಿದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಒಂದು ಸೋಮವಾರ ಬಂದು ನೋಡಿದರೆ ಎಲ್ಲ ತಲೆಕೆಳಗು. ಪ್ರಿಂಟ್ ಕೊಡುವ ಜಾಗದಲ್ಲಿ ಈಗ ಗಂಟೆಯ ಚಿತ್ರ. ವಾರಕ್ಕೊಂದು ಹೊಸ ಪಾಸ್‌ವರ್ಡ್ ಬೇಕಂತೆ, ಅದರಲ್ಲೊಂದು ಅಂಕಿ ಇರಬೇಕಂತೆ, ಹಳೆಯದರ ಹಾಗೆ ಇರಕೂಡದಂತೆ. ಕಿಟಕಿಯ ಹೊರಗೆ ರೋಗಿಗಳು ನರಳುತ್ತ ನಿಂತಿರುವಾಗ ಪರದೆಯ ಮೇಲೆ ಬಿಳಿ ಚಕ್ರವೊಂದು ಗಿರಗಿರ ತಿರುಗುತ್ತ, "ದಯವಿಟ್ಟು ಕಾಯಿರಿ, ಎಲ್ಲವನ್ನೂ ನಿಮಗಾಗಿ ಉತ್ತಮಗೊಳಿಸುತ್ತಿದ್ದೇವೆ" ಎನ್ನುತ್ತಿತ್ತು.

"ನಾನೇನು ಕೇಳಿದ್ನಾ?" ಎಂದು ಆಕೆ ಚಕ್ರವನ್ನೇ ಗದರಿದಳು. "ಚೆನ್ನಾಗಿ ನಡೀತಿದ್ದದ್ದನ್ನ ಕೆಡಿಸಿಟ್ಟು ಉತ್ತಮ ಅಂತೆ, ಉತ್ತಮ!"

ಎಲ್ಲಕ್ಕಿಂತ ಮೈ ಉರಿಸಿದ್ದು ಕೆಂಪು ಗೆರೆ. ಆಕೆ ಟೈಪ್ ಮಾಡಿದ ಪದಗಳ ಅಡಿಯಲ್ಲಿ ಅಲ್ಲೊಂದು ಇಲ್ಲೊಂದು ಅಂಕುಡೊಂಕು ಗೆರೆ ಎಳೆದು ತಪ್ಪು, ತಪ್ಪು ಎನ್ನುವ ಮೇಷ್ಟರಗಿರಿ! ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಬರಹವನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡುವವಳು ಎಂದು ದೊಡ್ಡ ಡಾಕ್ಟರಿಂದಲೇ ಹೊಗಳಿಸಿಕೊಂಡ ಹೆಂಗಸು ಆಕೆ. "ನನಗೇ ಕಾಗುಣಿತ ಹೇಳಿಕೊಡೋಕೆ ಬಂತಾ?" ಎಂದು ಮೊದಲ ದಿನವೇ ಆ ಗೆರೆಗಳನ್ನು ಆರಿಸುವ ಜಾಗ ಹುಡುಕಿ ಆರಿಸಿಬಿಟ್ಟಳು. ಹೊಸ ಸಾಫ್ಟ್‌ವೇರಿನಲ್ಲಿ ಯಾರ ಸಹಾಯವೂ ಇಲ್ಲದೆ ಆಕೆ ಕಲಿತ ಮೊದಲ ಕೆಲಸ ಅದು.

ಇದನ್ನೆಲ್ಲ ತಂದು ಕೂರಿಸಿದವನು ಕಂಪನಿಯ ಮನುಷ್ಯ, ಐವತ್ತರ ಹತ್ತಿರದವನು, ಬೈದರೂ ಬೇಸರಿಸದವನು. ಏನು ಕೇಳಿದರೂ "ಮುಂದಿನ ಅಪ್‌ಡೇಟಲ್ಲಿ ಸರಿಹೋಗುತ್ತಮ್ಮ" ಎನ್ನುತ್ತಿದ್ದುದರಿಂದ ಆಕೆ ಅವನಿಗೆ ಅಪ್‌ಡೇಟಣ್ಣ ಎಂದು ಹೆಸರಿಟ್ಟಳು. ಅವನಿಂದಾದ ಒಂದೇ ಉಪಕಾರವೆಂದರೆ ಅಕ್ಷರವನ್ನು ದೊಡ್ಡದು ಮಾಡುವುದನ್ನು ತೋರಿಸಿಕೊಟ್ಟದ್ದು. ಕನ್ನಡಕ ತೆಗೆದಿಟ್ಟು ಪರದೆ ಓದಿದ ಆ ಮಧ್ಯಾಹ್ನ ಆಕೆಗೆ ಒಳಗೊಳಗೇ ಖುಷಿಯಾಗಿತ್ತು. ತೋರಿಸಿಕೊಳ್ಳಲಿಲ್ಲ, ಅಷ್ಟೆ.

ಮೂರನೆಯ ವಾರ ಆಕೆಯ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಆಳವಾದ ಗಾಯ ಮಾಡಿಕೊಂಡರು. ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಸೇರಿಸಿದ್ದಾಯಿತು. ಬೆಳಗ್ಗೆ ಹತ್ತಕ್ಕೆ ಟೈಪಿಸ್ಟಮ್ಮ ಫ್ಲಾಸ್ಕ್ ಹಿಡಿದು ಹೋದಾಗ ಸಿಸ್ಟರ್ ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದಳು.

"ಯಾವ ಇಂಜೆಕ್ಷನ್ ಸಿಸ್ಟರ್?"

"ಪೆನ್ಸಿಲಿನ್. ಗಾಯ ಕೀವಾಗಬಾರದಲ್ಲ."

ಟೈಪಿಸ್ಟಮ್ಮ ಸಿರಿಂಜಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ನಿಲ್ಲಿಸಿ! ನಮ್ಮತ್ತೆಗೆ ಅದು ಆಗಲ್ಲ. ಹನ್ನೊಂದು ವರ್ಷದ ಹಿಂದೆ ಇಲ್ಲೇ ಕೊಟ್ಟಿದ್ರು, ಮುಖವೆಲ್ಲ ಊದಿ ಉಸಿರೇ ನಿಂತುಹೋಗ್ತಿತ್ತು."

"ಕಂಪ್ಯೂಟರಲ್ಲಿ ಏನೂ ಇಲ್ವಲ್ಲ? ಅಲರ್ಜಿ ಇದ್ರೆ ಹೆಸರಿನ ಪಕ್ಕ ಕೆಂಪು ಗುರುತು ಬರುತ್ತೆ. ಅಜ್ಜೀನೂ ಕೇಳ್ದೆ, ಇಲ್ಲ ಅಂದ್ರು."

"ಶುಗರಿಲ್ಲ, ಬಿಪಿ ಇಲ್ಲ, ನೀವು ಹೇಳೋ ಅದೂ ಇಲ್ಲ ಅಂದೆ ಕಣೇ" ಎಂದರು ಅತ್ತೆ ಹಾಸಿಗೆಯಿಂದ. "ನಂಗೇನು ಗೊತ್ತು ಅದರ ಹೆಸರು?"

ಸಿಸ್ಟರ್ ಸಿರಿಂಜನ್ನು ತಟ್ಟೆಗೆ ಹಾಕಿದಳು. ಟೈಪಿಸ್ಟಮ್ಮ ಫ್ಲಾಸ್ಕನ್ನು ಅಲ್ಲೇ ಕುಕ್ಕಿ ಅಪ್‌ಡೇಟಣ್ಣ ಕೂತಿದ್ದ ದಾಖಲೆ ಕೋಣೆಗೆ ದಡದಡ ನಡೆದಳು. ತಲೆ ಕೆಂಡವಾಗಿತ್ತು.

"ಏನಣ್ಣ, ನಿಮ್ಮ ಮೆಷಿನ್ ನಮ್ಮತ್ತೇನ ಕೊಂದುಹಾಕ್ತಿತ್ತಲ್ಲ!" ಆಕೆಯ ದನಿಗೆ ಪಕ್ಕದ ಎಕ್ಸ್‌ರೇ ಕೋಣೆಯವರೂ ಹೊರಬಂದರು. "ಅಲರ್ಜಿ ಅಂತ ನಾನೇ ಟೈಪ್ ಮಾಡಿದೀನಿ, ನನ್ನ ಕೈಯಾರೆ. ಎಲ್ಲಿ ನುಂಗಿ ನೀರು ಕುಡೀತು ನಿಮ್ಮ ಸಾಫ್ಟ್‌ವೇರು? ಇದನ್ನೂ ಮುಂದಿನ ಅಪ್‌ಡೇಟಲ್ಲಿ ಸರಿ ಮಾಡ್ತೀರಾ?"

ಗದ್ದಲಕ್ಕೆ ದೊಡ್ಡ ಡಾಕ್ಟರೂ ಬಂದರು. ವಿಷಯ ಕೇಳಿ ಮುಖ ಕೆಂಪಗೆ ಮಾಡಿಕೊಂಡರು. "ಕಂಪನಿ ಮೇಲೆ ದೂರು ಹೋಗ್ಲಿ. ಈ ಮನುಷ್ಯ ನಾಳೆಯಿಂದ ಇಲ್ಲಿ ಕಾಲಿಡಬಾರದು. ಟೈಪಿಸ್ಟಮ್ಮ, ನೀವೇ ಟೈಪ್ ಮಾಡಿ ತನ್ನಿ, ಸಹಿ ಹಾಕ್ತೀನಿ" ಎಂದು ಹೊರಟುಹೋದರು.

ಹಳೆಯ ದಾಖಲೆಗಳಲ್ಲಿ ಅಲರ್ಜಿ ಎಂಬ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕೆಂಪು ಗುರುತು ಹಾಕುವ ಏರ್ಪಾಡು ಅಪ್‌ಡೇಟಣ್ಣನದೇ. ಅವನು ಕುಳಿತು ಅತ್ತೆಯ ದಾಖಲೆ ತೆರೆದ. ಪದ ಅಲ್ಲೇ ಇತ್ತು.

"ನೋಡಿ! ಕಣ್ಣು ಬಿಟ್ಟು ನೋಡಿ!" ಎಂದಳು ಟೈಪಿಸ್ಟಮ್ಮ.

ಅವನು ಅಕ್ಷರವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಅದರ ಕೆಳಗೆ ಅದೇ ಪದವನ್ನು ತಾನು ಟೈಪ್ ಮಾಡಿದ. ಮೇಲೆ ಆಕೆಯದು: ಅಲಜಿ೯. ಕೆಳಗೆ ಅವನದು: ಅಲರ್ಜಿ.

"ಕೊನೇಲಿರೋದು ಏನಮ್ಮ?"

"ಏನು ಅಂದ್ರೆ? ಅರ್ಕಾವೊತ್ತು."

"ನಂದು ಅರ್ಕಾವೊತ್ತು. ನಿಮ್ಮದು ಒಂಬತ್ತು."

ಆಕೆಗೆ ಥಟ್ಟನೆ ನೆನಪಾಯಿತು. ಹಳೆಯ ಟೈಪ್‌ರೈಟರಿನಲ್ಲಿ ಅರ್ಕಾವೊತ್ತಿನ ಕಡ್ಡಿ ಮುರಿದುಹೋದಾಗ ಹೆಡ್ ಕ್ಲಾರ್ಕ್ ನಗುತ್ತ ಹೇಳಿಕೊಟ್ಟದ್ದು: "ಒಂಬತ್ತು ಹೊಡೀರಮ್ಮ, ಎರಡೂ ಒಂದೇ ಥರ ಕಾಣುತ್ತೆ, ಯಾರಪ್ಪನಿಗೆ ಗೊತ್ತಾಗುತ್ತೆ?" ಯಾರಿಗೂ ಗೊತ್ತಾಗಿರಲಿಲ್ಲ. ಕಂಪ್ಯೂಟರ್ ಬಂದ ಮೇಲೂ ಬೆರಳು ಅದನ್ನೇ ಹೊಡೆಯಿತು. ಕಾಗದದ ಮೇಲೆ ಓದುವವರಿಗೆ ಅದು ಅರ್ಕಾವೊತ್ತೇ. ಹುಡುಕುವ ಯಂತ್ರಕ್ಕೆ ಮಾತ್ರ ಅದು ಪದವೇ ಅಲ್ಲ.

ಅಪ್‌ಡೇಟಣ್ಣ ಒಂಬತ್ತು ಹಾಕಿಯೇ ಹುಡುಕಿದ. ನಾನೂರ ಹನ್ನೆರಡು ಜನ ಸಿಕ್ಕರು. "ಇದರಲ್ಲಿ ನಿಮ್ಮತ್ತೆ ಸೇರಿ ಏಳು ಜನ ಇವತ್ತು ವಾರ್ಡಲ್ಲಿದ್ದಾರೆ" ಎಂದ ಮೆಲ್ಲಗೆ.

ಆ ಏಳು ಹೆಸರು ಗೀಚಿಕೊಂಡು ಟೈಪಿಸ್ಟಮ್ಮ ಓಡಿದಳು. ಮಹಡಿ ಹತ್ತಿಳಿದು ಪ್ರತಿ ಸಿಸ್ಟರಿಗೂ ಹೇಳಿ, ಪ್ರತಿ ಮಂಚದ ಹಲಗೆಯ ಮೇಲೂ ಕೆಂಪು ಪೆನ್ನಿನಲ್ಲಿ ಬರೆದಳು. ಏಳನೆಯವಳು ಮಡಿಲಲ್ಲಿ ಮಗುವಿಟ್ಟುಕೊಂಡ ಬಾಣಂತಿ. "ಏನಾಯ್ತಕ್ಕ?" ಎಂದಳು. "ಏನಿಲ್ಲಮ್ಮ" ಎಂದು ತಿರುಗಿದ ಟೈಪಿಸ್ಟಮ್ಮನಿಗೆ ತನ್ನ ಮೇಲೆ ಬಂದಂಥ ಸಿಟ್ಟು ಯಾವ ಸಾಫ್ಟ್‌ವೇರಿನ ಮೇಲೂ ಬಂದಿರಲಿಲ್ಲ.

ಹಿಂತಿರುಗಿದಾಗ ಅಪ್‌ಡೇಟಣ್ಣ ತನ್ನ ವೈರುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಉಳಿದ ನಾನೂರ ಐದು ಜನಕ್ಕೂ ಗುರುತು ಹಾಕಿ ಮುಗಿಸಿದ್ದ. ಆಕೆಯ ಬಗ್ಗೆ ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಆಕೆ ಸುಮ್ಮನಿದ್ದರೆ ಸಾಕಿತ್ತು. ಗೂಬೆ ಕೂರಿಸಲು ಕಂಪನಿಯಿದೆ, ದೊಡ್ಡ ಡಾಕ್ಟರರ ಅಪ್ಪಣೆಯಿದೆ, ಇಡೀ ಕಾರಿಡಾರಿಗೆ ಕೇಳುವಂತೆ ಆಕೆಯೇ ಕೂಗಾಡಿದ್ದಕ್ಕೆ ಸಾಕ್ಷಿಗಳಿದ್ದಾರೆ.

ಆಕೆ ಕುಳಿತು ದೂರಿನ ಮೊದಲ ಸಾಲು ಟೈಪ್ ಮಾಡಿದಳು. ವಿಷಯ: ಅಲಜಿ೯. ಬೆರಳು ತಾನಾಗಿ ಒಂಬತ್ತಕ್ಕೇ ಹೋಗಿತ್ತು.

"ಥೂ, ನಿನ್ನ!" ಎಂದು ಆ ಬೆರಳನ್ನೇ ಬೈದಳು. ಸೆಟ್ಟಿಂಗಿಗೆ ಹೋಗಿ ಕೆಂಪು ಗೆರೆಯನ್ನು ಮತ್ತೆ ಹಾಕಿದಳು. ಪದದ ಅಡಿಯಲ್ಲಿ ಗೆರೆ ತಟ್ಟನೆ ಬಂತು. ಅಳಿಸಿ, ಸರಿಯಾದ ಕೀಲಿಗಳನ್ನು ಒಂದೊಂದಾಗಿ ಹುಡುಕಿ ಒತ್ತಿದಳು. ಗೆರೆ ಹೋಯಿತು.

"ಅಣ್ಣ, ಚೀಲ ಕೆಳಗಿಡಿ" ಎಂದಳು ತಿರುಗದೆ.

ಆಮೇಲೆ ದೊಡ್ಡ ಡಾಕ್ಟರಿಗೆ ಬರೆದಳು: "ಈ ತಪ್ಪು ಕಂಪನಿಯದಲ್ಲ, ನನ್ನದು. ಮೊದಲ ದಿನವೇ ಕಂಪ್ಯೂಟರ್ ಕೆಂಪು ಗೆರೆ ಎಳೆದು ಹೇಳಿತ್ತು. ಆ ಗೆರೆಯನ್ನು ಆರಿಸಿದವಳೂ ನಾನೇ."